ಬೋರಲು ಹಾಕಿದ ತುಂಡುಗಳು

ಟೈಲರಕ್ಕನನ್ನು ಸೋಲಿಸುವುದು ಹುಡುಗಾಟದ ಮಾತಾಗಿರಲಿಲ್ಲ. ರಟ್ಟಿನ ಚಿತ್ರವೊಂದನ್ನು ಐನೂರು ತುಂಡು ಮಾಡಿ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದನ್ನು ಯಾರು ಬೇಗ ಜೋಡಿಸುತ್ತಾರೆ ಎಂಬ ಪಂದ್ಯ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಭಾನುವಾರ ಭಾನುವಾರ ನಡೆಯುತ್ತಿತ್ತು. ಅಂಗಿಯ ತೋಳು, ಕಾಲರು ಕತ್ತರಿಸಿ ಪಳಗಿದ ಅಕ್ಕನ ಕಣ್ಣಿಗೆ ಒಂದು ತುಂಡು ಬಿತ್ತೆಂದರೆ ಅದರ ಜೋಡಿ ಎಲ್ಲಿ ಅಡಗಿದ್ದರೂ ಸಿಕ್ಕಿಬೀಳುತ್ತಿತ್ತು. ವರ್ಷದ ಟ್ರೋಫಿ ಅವಳ ಅಂಗಡಿ ಬಿಟ್ಟು ಕದಲಿದ್ದೇ ಇಲ್ಲ. ಹೊಲಿಗೆ ಯಂತ್ರದ ಪಕ್ಕ, ಹೊಟ್ಟೆ ತುಂಬ ಗುಂಡಿಗಳನ್ನು ಇಟ್ಟುಕೊಂಡು ಕೂತಿತ್ತು.

ಆದರೆ ಬರುಬರುತ್ತಾ ಪಂದ್ಯಕ್ಕೆ ಉಳಿದವರು ನಾಲ್ಕೇ ಜನ. ಹೊಸಬರು ಬಂದು ಒಂದು ಭಾನುವಾರ ಕೂತರೆ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ವರ್ಷದ ಕೊನೆಯ ಪಂದ್ಯಕ್ಕೂ ಮೇಜುಗಳು ತುಂಬದಿದ್ದರೆ ಕೋಣೆಗೆ ಹಳೇ ಪೇಪರಿನ ಕಟ್ಟು ತುಂಬುತ್ತೇವೆ ಎಂದು ಲೈಬ್ರರಿಯವರು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಈಗಿನೋರಿಗೆ ತಾಳ್ಮೆ ಎಲ್ಲಿದೆ?" ಎಂದು ಗಡಿಯಾರ ಹಿಡಿಯುವ ನಿವೃತ್ತ ಮೇಷ್ಟ್ರು ಕೈತೊಳೆದುಕೊಂಡರು. ಅಕ್ಕನೂ ಹಾಗೇ ಅಂದುಕೊಂಡಿದ್ದಳು, ಬಸ್ಸಿನ ಡ್ರೈವರಣ್ಣ ಬರುವ ತನಕ. ದಪ್ಪ ಬೆರಳಿನ ಆ ಮನುಷ್ಯ ಚಿತ್ರದ ಅಂಚು ಜೋಡಿಸುವಷ್ಟರಲ್ಲಿ ಅಕ್ಕ ಪೂರ್ತಿ ಮುಗಿಸಿ, ಎದ್ದು ಚಹಾ ಕುಡಿಯುತ್ತಿದ್ದಳು. ಅವನು ತನ್ನ ತುಂಡುಗಳನ್ನು ಮೆಲ್ಲಗೆ ಡಬ್ಬಿಗೆ ತುಂಬಿದ.

"ಇದು ನಮ್ಮಂಥೋರಿಗಲ್ಲ ಬಿಡಿ ಅಕ್ಕ."

ಆ ಮಾತು ಅಕ್ಕನಿಗೆ ಚುರ್ ಎಂದಿತು. ಬಂದವರನ್ನೆಲ್ಲ ಓಡಿಸುತ್ತಿದ್ದುದು ತನ್ನ ಕೈಚಳಕವೇ ಎಂದು ಅವಳಿಗೆ ಆಗ ಹೊಳೆಯಿತು.

"ಇನ್ನೊಂದ್ಸಲ ಬನ್ನಿ ಅಣ್ಣ. ಆಮೇಲೆ ನಿಮ್ಮಿಷ್ಟ" ಎಂದಳು.

ಮುಂದಿನ ವಾರ ಅವಳು ತನ್ನ ತುಂಡುಗಳನ್ನೆಲ್ಲ ಬೋರಲು ಹಾಕಿಕೊಂಡು ಕೂತಳು. ಚಿತ್ರ ಕಾಣದು, ಬರೀ ಬೂದು ರಟ್ಟು. "ಹೊಸಬರು ಕೂತ ದಿನ ಹಳಬರೆಲ್ಲ ಹೀಗೇ ಜೋಡಿಸ್ಬೇಕು" ಎಂದಳು.

ಮೇಷ್ಟ್ರು ಮುಖ ಗಂಟಿಕ್ಕಿದರು. "ಇದು ಆಟಕ್ಕೇ ಅವಮಾನ ಕಣಮ್ಮ."

"ಆಡೋರೇ ಇಲ್ದಿದ್ರೆ ಅವಮಾನ ಯಾರಿಗಾಗುತ್ತೆ ಮೇಷ್ಟ್ರೇ, ನಿಮ್ಮ ಗಡಿಯಾರಕ್ಕಾ?"

ಅಂದು ಅಕ್ಕನಿಗೇ ಬೆವರಿಳಿಯಿತು. ಡ್ರೈವರಣ್ಣ ಮುಗಿಸಿದಾಗ ಅವಳದು ಇನ್ನೂ ಅರ್ಧ ಬಾಕಿ. ಅವನಿಗೆ ನಂಬಿಕೆಯೇ ಬರಲಿಲ್ಲ; "ಗೆದ್ನಾ?" ಎಂದು ಎಲ್ಲರನ್ನೂ ಕೇಳಿದ. ಮರುವಾರ ಕಂಡಕ್ಟರಮ್ಮನನ್ನು ಕರೆತಂದ. ಅವಳು ತನ್ನ ನಾದಿನಿಯನ್ನು ಎಳೆದುಕೊಂಡು ಬಂದಳು, ನಾದಿನಿ ಇಡೀ ವಠಾರವನ್ನು. ಒಂದು ಭಾನುವಾರವೂ ತಪ್ಪಿಸದೆ ತಿಂಗಳುಗಟ್ಟಲೆ ಆಡಿ ಡ್ರೈವರಣ್ಣನ ದಪ್ಪ ಬೆರಳುಗಳೂ ಪಳಗಿದವು.

ವರ್ಷದ ಕೊನೆಯ ಪಂದ್ಯಕ್ಕೆ ಮೇಜುಗಳು ಸಾಲದೆ ಇಬ್ಬರು ಕಿಟಕಿಯ ಕಟ್ಟೆಯ ಮೇಲೆ ಹಲಗೆ ಇಟ್ಟುಕೊಂಡರು. ಲೈಬ್ರರಿಯವರು ಪೇಪರ್ ಕಟ್ಟಿನ ಮಾತೇ ಎತ್ತಲಿಲ್ಲ. ಅಂದು ಯಾರಿಗೂ ರಿಯಾಯಿತಿ ಇಲ್ಲ, ಎಲ್ಲರಿಗೂ ಚಿತ್ರ ಮೇಲಕ್ಕೇ. ಅಕ್ಕ ಜೀವ ತೇಯ್ದು ಆಡಿದಳು. ಅವಳ ಕೈಯಲ್ಲಿ ಇನ್ನೂ ಮೂರು ತುಂಡು ಇರುವಾಗಲೇ ಡ್ರೈವರಣ್ಣ ಕೈ ಎತ್ತಿದ.

ಸೋಲು ಅಕ್ಕನಿಗೆ ಚುಚ್ಚಿದ್ದು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಉಕ್ಕಿದಷ್ಟು ಹೆಮ್ಮೆ, ಟ್ರೋಫಿ ಮೊದಲ ಸಲ ಕೈಗೆ ಬಂದಾಗಲೂ ಉಕ್ಕಿರಲಿಲ್ಲ. ಇವನನ್ನು ಇಲ್ಲಿ ಉಳಿಸಿಕೊಂಡವಳು ತಾನಲ್ಲವೇ? ಅಂಗಡಿಗೆ ಹೋಗಿ ಗುಂಡಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದು, ಟ್ರೋಫಿಯನ್ನು ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು.

ಮುಂದಿನ ಭಾನುವಾರ ಬಾಗಿಲಲ್ಲಿ ಔಷಧಿ ಅಂಗಡಿಯಾತ ಒಳಗೆ ಬರಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಾ ನಿಂತಿದ್ದ. ಅಕ್ಕ ಬಾಯಿ ತೆರೆಯುವ ಮೊದಲೇ ಡ್ರೈವರಣ್ಣ ಕುರ್ಚಿ ಎಳೆದ.

"ಬನ್ನಿ, ಇಲ್ಲೇ ಕೂತ್ಕೊಳ್ಳಿ" ಎಂದವನು ತನ್ನ ತುಂಡುಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದ.

ಅಕ್ಕ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಗಡಿಯಾರವನ್ನೂ ಬೋರಲು ಹಾಕಿದರು.