ಬೀಜದ ಹೊಲದ ಪರದೆ

ಅವ್ವ ರಾಣೆಬೆನ್ನೂರಿನ ಸಂತೆಯಲ್ಲಿ ಒಣಮೀನು ಮಾರುತ್ತಿದ್ದಳು. ವರ್ಷಕ್ಕೆ ಮೂರು ನಾಲ್ಕು ಸಲ ಬ್ಯಾಡಗಿ ಮೆಣಸಿನಕಾಯಿ ಚೀಲಗಳೊಂದಿಗೆ ಲಾರಿ ಹತ್ತಿ, ಘಟ್ಟ ಇಳಿದು, ಕರಾವಳಿಯ ಒಬ್ಬ ಮೀನುಗಾರ್ತಿಯ ಮನೆಗೆ ಹೋಗುವಳು. ಕಾಯಿ ಕೊಟ್ಟು ಒಣ ತಾರ್ಲೆ ಮೀನು ತರುವಳು. ಇಬ್ಬರ ನಡುವೆ ಇದ್ದದ್ದು ಒಂದೇ ಕರಾರು: ಅವ್ವನ ಕಿರುಬೆರಳಿಗಿಂತ ಗಿಡ್ಡ ಮೀನು ಬುಟ್ಟಿಗೆ ಬೀಳುವಂತಿಲ್ಲ. ಅಂಥದ್ದು ಕಂಡರೆ ಎತ್ತಿ ಆಚೆ ಇಟ್ಟು, "ಮರಿ ಹಿಡದ್ರ ಮುಂದಿನ ವರ್ಷ ಏನ್ ಹಿಡೀತೀಯವಾ?" ಎನ್ನುವಳು. ಆ ಮನೆಯ ಬಲೆಗೂ ಬೆರಳು ತೂರುವಷ್ಟು ಕಣ್ಣುಗಳಿದ್ದವು. ಮರಿಗಳು ನುಸುಳಿ ಸಮುದ್ರಕ್ಕೆ ವಾಪಸ್ ಹೋಗುತ್ತಿದ್ದವು.

ಇದನ್ನು ಕೆಡಿಸಿದವಳು ನಾನು. ಎಂಬತ್ತರ ದಶಕದ ಕೊನೆಗೆ ಊರಾಚೆಯ ಬೀಜದ ಹೊಲಗಳಲ್ಲಿ ಟೊಮೆಟೊ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೂಲಿಗೆ ಹೋಗುತ್ತಿದ್ದೆ. ಹುಳ ನುಗ್ಗದಂತೆ ಗಿಡಗಳ ಸುತ್ತ ಸೊಳ್ಳೆ ಪರದೆಯಂಥ ನೈಲಾನ್ ಪರದೆ ಕಟ್ಟಿರುತ್ತಿದ್ದರು. ಹಂಗಾಮು ಮುಗಿದು ಅದನ್ನು ಬಿಸಾಕಿದಾಗ ನಾನು ಸುತ್ತಿ ತಂದು ಅವ್ವನ ಕೈಲಿ ಕರಾವಳಿಗೆ ಕಳಿಸಿದೆ. ಅಂಗಳದಲ್ಲಿ ಒಣಹಾಕಿದ ಮೀನಿನ ಮೇಲೆ ನೊಣ ಕೂರದಿರಲಿ ಅಂತ. ಭಾರೀ ಉಪಕಾರ ಮಾಡಿದೆನೆಂದು ಬೀಗಿದೆ ಬೇರೆ.

ಮುಂದಿನ ಸಲ ನಾನೂ ಅವ್ವನ ಜೊತೆ ಹೋದೆ. ಅಂಗಳದ ತುಂಬ ಉಗುರಿನಷ್ಟು ಮೀನುಗಳು, ಹೊಟ್ಟು ಸುರಿದಂತೆ. ನನ್ನ ಪರದೆಯನ್ನು ಬಲೆಯ ತುದಿಯ ಚೀಲಕ್ಕೆ ಒಳಗಿನಿಂದ ಹೊಲಿದುಬಿಟ್ಟಿದ್ದರು. ಸಿಕ್ಕಿದ್ದು ಒಂದೂ ತಪ್ಪಿಸಿಕೊಳ್ಳುವಂತಿರಲಿಲ್ಲ.

"ನೊಣಕ್ಕಂತ ಕೊಟ್ಟಿದ್ನಲ್ರಿ, ಬಲಿಗಿ ಯಾಕ ಹೊಲದ್ರಿ?" ಎಂದೆ.

"ದೊಡ್ಡ ಬೋಟಿನವ್ರು ಎಲ್ಲ ಬಾಚ್ಕೊಂಡು ಹೋಗ್ತಾರೆ. ನಮ್ಗೆ ಉಳ್ದದ್ದು ಇಷ್ಟೇ," ಎಂದಳು ಮೀನುಗಾರ್ತಿ. "ಇದೂ ಖರ್ಚಾಗ್ತದೆ. ನಿಮ್ಮೂರ ಕಡೆ ಕೋಳಿ ಸಾಕುವವ್ರೇ ಚೀಲಗಟ್ಟಲೆ ಒಯ್ತಾರೆ."

ನನ್ನ ಪಿತ್ತ ನೆತ್ತಿಗೇರಿತು. ಬೋಟಿನವರನ್ನು, ಕೋಳಿಯವರನ್ನು, ಎದುರಿಗಿದ್ದ ಆಕೆಯನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ನನ್ನ ತೋಳು ಹಿಡಿದು ಹೊರಗೆ ಎಳೆದಳು.

"ಪರದೆ ಕೊಟ್ಟಾಕಿ ನೀನ. ಆಕಿಗೆ ಯಾಕ ಬೈತಿ?"

ನನ್ನ ಒಂದು ಪರದೆಯಿಂದ ಸಮುದ್ರ ಬರಿದಾಗಲಿಲ್ಲ, ಗೊತ್ತು. ಆ ದಂಡೆಯುದ್ದಕ್ಕೂ ಆಗಲೇ ಅಂಥ ಬಲೆಗಳಿದ್ದವು. ಮೊಟ್ಟೆ ಇಡುವಷ್ಟು ಬೆಳೆಯುವ ಮೊದಲೇ ಮೀನನ್ನು ಬಾಚಿ ಕೋಳಿಗೆ ಹಾಕಿದವರಿಗೆ ಯಾರೂ ಏನೂ ಅನ್ನಲಿಲ್ಲ. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಮೈಯ ಉರಿ ತಣಿಯುವುದಿಲ್ಲ. ಹೊಲದಲ್ಲಿ ಆ ಪರದೆ ಕಂಡರೆ ಇವತ್ತಿಗೂ ಹರಿದು ಹಾಕುವಷ್ಟು ಸಿಟ್ಟು ಬರುತ್ತದೆ.

ಅವ್ವನ ಬುಟ್ಟಿ ವರ್ಷ ವರ್ಷಕ್ಕೆ ಅರ್ಧವಾಯಿತು. "ಸಣ್ಣವನ್ನ ಮಾರಬೇ, ತಿನ್ನೋರು ತಿಂತಾರ," ಎಂದು ನಾನೇ ಜಗಳಕ್ಕೆ ನಿಂತೆ. ಆಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಯ ಸಲ ಕಿರುಬೆರಳುದ್ದದ ಒಂದು ಮೀನೂ ಸಿಗದೆ ಮೆಣಸಿನಕಾಯಿ ಚೀಲಗಳು ಬಿಚ್ಚದೆ ಹಾಗೇ ವಾಪಸ್ ಬಂದವು.

ಆ ವಾರ ಸಂತೆಯಲ್ಲಿ ಅವ್ವ ತನ್ನ ಎಂದಿನ ಜಾಗದಲ್ಲಿ ಆ ಕಾಯಿಗಳನ್ನೇ ಹರಡಿಕೊಂಡು ಕೂತಳು. ನಾನು ಪಕ್ಕದಲ್ಲಿದ್ದೆ. ಹಳೆಯ ಗಿರಾಕಿಯೊಬ್ಬಳು ಬಂದು, "ಮೀನ ಇನ್ ಯಾವಾಗ ತರ್ತೀರಿ?" ಎಂದು ಕೇಳಿದಳು.

"ನನ್ನ ಮಗಳನ್ನ ಕೇಳ್ರಿ," ಎಂದಳು ಅವ್ವ.

ಗಿರಾಕಿ ಚೀಲ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು.