ಮಾಸ್ತರರ ಹಾಸಿಗೆ

ಹಾನಗಲ್ಲಿನ ಬಂದೇಸಾಬ ಹತ್ತಿ ಹಿಂಜುವ ಪಿಂಜಾರ. ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳನ್ನು ಸುತ್ತುತ್ತ, ಗಂಟುಗಟ್ಟಿದ ಹಾಸಿಗೆಗಳನ್ನು ಬಿಚ್ಚಿ ಹಿಂಜಿ ಹೊಲಿದುಕೊಡುತ್ತಿದ್ದ. ಓದು ಬರಹ ಬಾರದು. ಆದರೆ ಹಾಸಿಗೆಯ ಹೊಟ್ಟೆ ನೋಡಿದರೆ ಸಾಕು, ಮಲಗಿದವರು ಯಾವ ಮಗ್ಗುಲಿಗೆ ಮಲಗುತ್ತಿದ್ದರು, ಎಷ್ಟು ದಿನ ಜಡ್ಡು ಬಿದ್ದಿದ್ದರು ಎಂದು ಹೇಳುತ್ತಿದ್ದ.

೧೯೪೧ರ ಬೇಸಿಗೆಯಲ್ಲಿ ತಿಳವಳ್ಳಿಯಿಂದ ಕರೆ ಬಂತು. ನಾಟಕಗಳನ್ನು ಬರೆದು ಹೆಸರಾಗಿದ್ದ ಕರಬಸಪ್ಪ ಮಾಸ್ತರರು ತೀರಿ ಮೂರು ವರ್ಷವಾಗಿತ್ತು. ಅವರ ಮನೆಯನ್ನು ಇದ್ದಂತೆಯೇ ಕಾಯ್ದಿಟ್ಟು, ನೋಡಬಂದವರಿಗೆ ತೋರಿಸುತ್ತಿದ್ದವನು ಅವರ ಅಣ್ಣನ ಮಗ ಉಳವಪ್ಪ. ಮಂಚದ ಮೇಲಿನ ಹಾಸಿಗೆ ವಾಸನೆ ಹೊಡೆಯುತ್ತಿದೆ, ಸರಿಮಾಡಿಕೊಡು ಎಂದು ಅವನೇ ಹೇಳಿಕಳಿಸಿದ್ದ.

ಬಂದೇಸಾಬ ಹೋದಾಗ ಪಡಸಾಲೆಯಲ್ಲಿ ಹಿರೇಕೆರೂರಿನ ಸಾಲಿಯಲ್ಲಿ ಕಲಿಸುವ ಅಕ್ಕೋರು ಸರೋಜವ್ವ ಮತ್ತು ಇನ್ನಿಬ್ಬರು ಕೈಮುಗಿದು ನಿಂತಿದ್ದರು.

"ಕಾಕಾ ಕಡೀತನಕ ಹೂವಿನ ಹಂಗ ಇದ್ರು ನೋಡ್ರಿ," ಎನ್ನುತ್ತಿದ್ದ ಉಳವಪ್ಪ. "ದಿನಾ ಮುಂಜಾನೆ ನಾನ ಹಾಸಿಗಿ ಕೊಡವಿ ಹಾಸ್ತಿದ್ನಿ."

ಬಂದೇಸಾಬ ಹಾಸಿಗೆಯನ್ನು ಹಿತ್ತಲ ಕಟ್ಟೆಗೆ ಒಯ್ದು, ಮೇಲಿನ ಹೊಸ ಬಿಳಿ ಹೊದಿಕೆ ತೆಗೆದ. ಒಳಗಿನದು ಅವನದೇ ಹೊಲಿಗೆ. ಮಾಸ್ತರರಿಗಾಗಿ ಮೊದಲ ದರ್ಜೆಯ ಹತ್ತಿ ಆರಿಸಿ ಅವನೇ ಮಾಡಿಕೊಟ್ಟಿದ್ದ ಹಾಸಿಗೆ ಅದು. ಹೊಲಿಗೆ ಕತ್ತರಿಸಿದೊಡನೆ ನಾತ ಮುಖಕ್ಕೆ ಬಡಿಯಿತು. ನಡುವಿನ ಹತ್ತಿ ಕೀವು, ಉಚ್ಚೆ, ರಕ್ತ ಒಣಗಿ ಕಪ್ಪು ಹಲಗೆಯಂತಾಗಿತ್ತು. ಅದರೊಳಗೆ ಸತ್ತ ಹುಳುಗಳು ಅಕ್ಕಿ ನುಚ್ಚಿನ ಹಾಗೆ ಅಂಟಿಕೊಂಡಿದ್ದವು. ಕಲೆ ಇದ್ದದ್ದು ಒಂದೇ ಕಡೆ. ತಿಂಗಳುಗಟ್ಟಲೆ ಆ ಮನುಷ್ಯನನ್ನು ಯಾರೂ ಮಗ್ಗುಲು ಹೊರಳಿಸಿರಲಿಲ್ಲ.

ಬಂದೇಸಾಬ ಗೋಡೆಗೆ ಕೈಕೊಟ್ಟು ವಾಂತಿ ಮಾಡಿದ.

ಮಾಸ್ತರರ ಕೊನೆಯ ವರ್ಷ ಅವನು ಹಾಸಿಗೆ ಹಿಂಜಲೆಂದು ಎರಡು ಸಲ ಈ ಬಾಗಿಲಿಗೆ ಬಂದಿದ್ದ. "ಕಾಕಾ ಮಲಗ್ಯಾರ, ಮುಂದ ಬಾ" ಎಂದು ಉಳವಪ್ಪ ಅಂದಿದ್ದ. ಒಳಗಿನಿಂದ ನರಳಿಕೆ ಕೇಳಿತ್ತು. ಆದರೂ ತಿರುಗಿ ಹೋಗಿದ್ದ.

ವಾಂತಿಯ ಸದ್ದು ಕೇಳಿ ಉಳವಪ್ಪ ಓಡಿಬಂದ. "ಲೇ, ಬಾಯಿ ಮುಚ್ಚಕೊಂಡು ಅದನ್ನ ಹೂಳು. ಹೊಸಾ ಹತ್ತಿ ತುಂಬು."

"ನೀ ದಿನಾ ಕೊಡವಿದ ಹಾಸಿಗಿ ಇದನ?"

"ಮೆಲ್ಲಕ ಮಾತಾಡು, ಮಂದಿ ಅದಾರ."

ಬಂದೇಸಾಬ ಆ ಹತ್ತಿಯನ್ನು ಎರಡೂ ಕೈಯಿಂದ ಎತ್ತಿ ತಂದು ಪಡಸಾಲೆಯ ನಡುವೆ ಇಟ್ಟ. "ಅಕ್ಕೋರ, ಮಾಸ್ತರು ಮಲಗಿದ್ದು ಇದರ ಮ್ಯಾಲ್ರಿ. ಇದಕ್ಕೂ ಕೈಮುಗೀರಿ."

ಸರೋಜವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಉಳವಪ್ಪನ ಕಡೆ ತಿರುಗಿ, "ಥೂ ನಿನ್ನ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ಬಂದೇಸಾಬ ಕೆರೆಯಲ್ಲಿ ಬೂದಿ ಹಚ್ಚಿ ಕೈ ತಿಕ್ಕಿದ. ಮನೆಯಲ್ಲಿ ಹೆಂಡತಿ ಕುಲಸುಮಬಿ ಬಡಿಸಿದ ರೊಟ್ಟಿಯನ್ನು ಮುಟ್ಟದೆ ತಾಟು ಸರಿಸಿದ.

"ಆ ಉಳವಪ್ಪನ ನೆನಸ್ಕೊಂಡು ಯಾಕ ಉಪಾಸ ಬೀಳ್ತೀರಿ?" ಎಂದಳು ಅವಳು.

"ಆತನ ಹೇಸಿಗಿ ಆತಗ ಇರಲಿ," ಎಂದ. "ನರಳೂದು ನನ್ನ ಕಿವೀಗೆ ಬಿದ್ದಿತ್ತು."

ಮಾಸ್ತರರ ಮನೆಯ ಖರ್ಚು ನೋಡಿಕೊಳ್ಳುತ್ತಿದ್ದ ಸ್ಮಾರಕದ ಕಮಿಟಿಗೆ ಸರೋಜವ್ವ ಕಂಡದ್ದನ್ನೆಲ್ಲ ಕಾಗದ ಬರೆದರು. ಉತ್ತರ ಬರಲಿಲ್ಲ. ತಿಂಗಳೊಳಗೆ ಮಂಚದ ಮೇಲೆ ಸವಣೂರಿನಿಂದ ತಂದ ಹೊಸ ಹಾಸಿಗೆ ಬಂತು, ಅದರ ಮೇಲೆ ಮಖಮಲ್ಲಿನ ಹೊದಿಕೆ. ನೋಡಬಂದವರು ಅದಕ್ಕೇ ಹಣೆ ಹಚ್ಚಿ ಹೋಗುತ್ತಿದ್ದರು.