ಸೀಟಿಗೆ ಬೇರೆ ರೊಕ್ಕ

ಅನುಮಾನ ಪಡುವುದಕ್ಕೆಂದೇ ನನಗೆ ಸಂಬಳ ಕೊಡುತ್ತಾರೆ. ನಾನು ಬಸ್ ಕಂಡಕ್ಟರ್. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಮಗನಿಗೆ ಮೀಸೆ ಚಿಗುರಿದ್ದರೂ "ಇನ್ನಾ ಸಣ್ಣಾವ ಅದಾನ್ರಿ" ಎನ್ನುವ ತಾಯಂದಿರು, ಚೀಲದೊಳಗೆ ಕೋಳಿ ಕೂಗುತ್ತಿದ್ದರೂ "ಬರೇ ಅರಬಿ ಬಟ್ಟಿ ಅದಾವ್ರಿ" ಎಂದು ಆಣೆ ಮಾಡುವ ಗಂಡಸರು, ನಿದ್ದೆ ಬಂದವರ ಹಾಗೆ ನಟಿಸಿ ಒಂದು ಸ್ಟೇಜು ಮುಂದೆ ಹೋಗಿ ಇಳಿಯುವವರು, ಇವರೆಲ್ಲರ ನಡುವೆ ಇಷ್ಟು ವರ್ಷ ಕಳೆದ ಮೇಲೆ ಮುಖ ನೋಡಿದರೆ ಸಾಕು, ಯಾರು ಸುಳ್ಳು ಹೇಳುತ್ತಿದ್ದಾರೆಂದು ಹೇಳಬಲ್ಲೆ ಎಂಬ ಸೊಕ್ಕು ನನಗಿತ್ತು. ಆದರೆ ಫೋನಿಗೆ ಮುಖ ಇರುವುದಿಲ್ಲ. ಫಜೀತಿ ಶುರುವಾದದ್ದೇ ಅಲ್ಲಿ.

ನನ್ನ ತಂಗಿ ಗುವಾಹಟಿಯಲ್ಲಿದ್ದಾಳೆ. ಗಂಡ ಮಿಲಿಟರಿಯಲ್ಲಿ. ಅವಳ ಮೊದಲ ಬಸಿರು ಏಳನೆಯ ತಿಂಗಳಿಗೆ ಹೋಗಿತ್ತು. ಎರಡನೆಯದು ನಿಂತಾಗ ಡಾಕ್ಟರು, ಹಾಸಿಗೆ ಬಿಟ್ಟು ಏಳಲೇಬೇಡ, ಊರಿಗೆ ಹೋಗುವ ಮಾತಂತೂ ಎತ್ತಬೇಡ ಎಂದರು. ಚೊಚ್ಚಲ ಹೆರಿಗೆ ತವರಿನದು, ಅದು ನಮ್ಮ ಕಡೆಯ ಪದ್ಧತಿ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು. ತವರು ಎಂದರೆ ಈಗ ನಮ್ಮ ಅವ್ವ ಒಬ್ಬಳೇ. ಮಸ್ಕಿಯಲ್ಲಿ ನನ್ನ ಜೊತೆ ಇರುತ್ತಾಳೆ. ತುರ್ವಿಹಾಳದ ಗದ್ದೆಗಳಲ್ಲಿ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿ ಮಾಡಿ ಎರಡೂ ಮೊಣಕಾಲು ಕೆಡಿಸಿಕೊಂಡವಳು.

ಆ ಕಾಲಿಟ್ಟುಕೊಂಡು ದಿನಗಟ್ಟಲೆ ರೈಲಿನಲ್ಲಿ ಹೋಗುವುದು ಆಕೆಯಿಂದ ಆಗದ ಮಾತು. ನನಗೆ ಉದ್ದನೆಯ ರಜೆ ಸಿಗುವಂತಿರಲಿಲ್ಲ. ಹೈದರಾಬಾದಿನ ತನಕ ನಾನು ಬಿಟ್ಟು ಬರುವುದು, ಅಲ್ಲಿಂದ ನೇರ ವಿಮಾನ, ಆ ತುದಿಗೆ ಅಳಿಯ ಬಂದು ಕರೆದುಕೊಳ್ಳುವುದು ಎಂದು ಗೊತ್ತುಮಾಡಿದೆವು. ತಂಗಿಯದು ಫೋನಿನಲ್ಲಿ ಒಂದೇ ಮಾತು.

"ಅಕ್ಕಾ, ಅವ್ವ ಬಾಜೂಕ ಇದ್ರ ಈ ಸಲ ಕೂಸು ಉಳಿತೈತಿ ಅನಸ್ತೈತಿ. ಜಲ್ದಿ ಕಳಸು."

ಸಿಂಧನೂರಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿಗಳಿವೆ. ಅವರು ನಡುವೆ ತಮ್ಮದೊಂದು ಕೈಚಳಕ ತೋರಿಸುತ್ತಾರೆಂದು ನನಗೆ ಗುಮಾನಿ. ಅವರ ಉಸಾಬರಿಯೇ ಬೇಡ, ಟಿಕೆಟ್ ಹರಿಯುವ ನನಗೆ ಟಿಕೆಟ್ ಕೊಳ್ಳಲು ಬರುವುದಿಲ್ಲವೇ ಎಂದು ವಾರದ ರಜೆಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಫೋನು ಹಿಡಿದು ಕೂತೆ. ಎದುರಿಗೆ ಅವ್ವ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

ಸೈಟು ತೆರೆದ ಕೂಡಲೇ ದಪ್ಪ ಅಕ್ಷರದಲ್ಲಿ ಒಂದು ದರ ಕಾಣಿಸಿತು. ಪರವಾಗಿಲ್ಲ ಎನ್ನಿಸಿತು. ಒತ್ತಿದೆ. ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಅದು ಕೊಂಚ ಏರಿತ್ತು. ಮೇಲೊಂದು ಗಡಿಯಾರ ಹಿಂದುಹಿಂದಕ್ಕೆ ಓಡುತ್ತಿತ್ತು. ಇನ್ನು ಕೆಲವೇ ಸೀಟು ಉಳಿದಿವೆಯಂತೆ, ಇದೇ ವಿಮಾನವನ್ನು ಈಗ ಇನ್ನೂ ಹಲವರು ನೋಡುತ್ತಿದ್ದಾರಂತೆ. ಹೌದಾ? ಯಾರವರು? ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಬಸ್ಸು ಖಾಲಿ ಇರುವಾಗ "ಹತ್ರಿ ಹತ್ರಿ, ತುಂಬೇ ಬಿಡ್ತು" ಎಂದು ಕೂಗುವವರನ್ನು ನಾನು ನೋಡಿಲ್ಲವೇ? ನನ್ನ ಹತ್ತಿರವೇ ಈ ಆಟವೇ?

ಕೆಳಗೆ ವಿಮೆಯ ಚೌಕಕ್ಕೆ ನನ್ನನ್ನು ಕೇಳದೆ ಅವರೇ ಗುರುತು ಹಾಕಿಟ್ಟಿದ್ದರು. ತೆಗೆದೆ. ತೆಗೆದರೆ, ದಾರಿಯಲ್ಲಿ ಏನಾದರೂ ಆದರೆ ನೀವೇ ಹೊಣೆ ಎಂಬರ್ಥದ ಒಂದು ಸಾಲನ್ನು ಒಪ್ಪಿಕೊಳ್ಳಬೇಕಂತೆ. ಅಪಶಕುನ ನುಡಿಯುವವರ ಬಾಯಿಗಿಷ್ಟು ಬೂದಿ ಬೀಳಲಿ! ಅದರ ಕೆಳಗೆ ಬಡಮಕ್ಕಳಿಗೆ ದಾನ, ಅದಕ್ಕೂ ಗುರುತು. ಕೇಳದೆ ಜೇಬಿನಿಂದ ತೆಗೆದರೆ ಅದು ಹೇಗೆ ದಾನವಾಗುತ್ತದೆ? ಆಮೇಲೆ ಬಂತು ಅನುಕೂಲ ಶುಲ್ಕ. ಫೋನು ನನ್ನದು, ಕರೆಂಟು ನನ್ನದು, ಒತ್ತಿ ಒತ್ತಿ ನೋಯುತ್ತಿರುವ ಬೆರಳು ನನ್ನದು, ಅನುಕೂಲ ಆದದ್ದು ಯಾರಿಗೆ? ಅದನ್ನು ತೆಗೆಯಲು ಎಲ್ಲಿ ಹುಡುಕಿದರೂ ಚೌಕವೇ ಇರಲಿಲ್ಲ.

ನಾನೂ ಕುರಿಮರಿಗೆ, ಮೂಟೆಗೆ ಲಗೇಜು ಟಿಕೆಟ್ ಹರಿಯುವವಳೇ. ಜನ ಬೈಯುತ್ತಾರೆ, ಬೈಸಿಕೊಂಡೇ ಹರಿಯುತ್ತೇನೆ. ಆದರೆ ಹತ್ತುವ ಮುಂಚೆ ಹೇಳಿರುತ್ತೇನೆ. ಲಿಂಗಸುಗೂರಿನಲ್ಲಿ ಒಂದು ದರ ಹೇಳಿ, ಬಸ್ಸು ಹೊರಟ ಮೇಲೆ ಕಿಟಕಿಯ ಗಾಳಿಗೆ ಇಷ್ಟು, ಸಂತೆಕಲ್ಲೂರಿಗೆ ಬಂದಾಗ ನಾನು ಊದುವ ಸೀಟಿಗೆ ಇಷ್ಟು ಎಂದು ಕೇಳಿದ್ದರೆ ಮಸ್ಕಿ ಮುಟ್ಟುವ ಮೊದಲೇ ನನ್ನನ್ನು ಕೆಳಗಿಳಿಸುತ್ತಿದ್ದರು. ಇಳಿಸಿದರೂ ತಪ್ಪಿರುತ್ತಿರಲಿಲ್ಲ.

ಇಷ್ಟೆಲ್ಲ ದಾಟಿ ಹೋದರೆ ವಿಮಾನದ ಸೀಟುಗಳ ನಕ್ಷೆ. ಒಂದೊಂದರ ಮೇಲೂ ಬೆಲೆ. ನನ್ನ ತಾಳ್ಮೆ ಹರಿಯಿತು.

"ಇವರ ಮನಿ ಹಾಳಾಗ! ನೋಡಬೇ ಯವ್ವಾ, ಸೀಟಿಗೆ ಬ್ಯಾರೆ ರೊಕ್ಕ ಕೇಳಾಕತ್ತಾರ!"

ಅವ್ವ ತಲೆ ಎತ್ತಿದಳು. "ಟಿಕೇಟಿನ್ಯಾಗ ಸೀಟ ಬರಂಗಿಲ್ಲೇನು?"

"ಬರಂಗಿಲ್ಲಂತ. ಕಿಟಕೀದಕ್ಕ ಒಂದು ರೇಟು, ಮುಂದಿಂದಕ್ಕ ಒಂದು ರೇಟು. ಲೂಟಿ! ನಾ ಒಂದು ಪೈಸಾ ಕೊಡಾಂಗಿಲ್ಲ. ಸೀಟ ಬ್ಯಾಡಾಂತ ಒತ್ತಿ ಒಗದೆ."

ಅವ್ವ ಮೊರ ಕೆಳಗಿಟ್ಟಳು. "ಬ್ಯಾಡಂದ್ರ ನಡಿತೈತೇನು?"

"ನಡಿಲಾರದ ಏನು? ಟಿಕೇಟ ಐತಿ, ಹತ್ತಿಸ್ಕೊಳ್ಳಾಕ ಬೇಕು!"

ಟಿಕೆಟ್ ಆಯಿತು. ಎಲ್ಲ ಚೌಕಗಳನ್ನೂ ಗೆದ್ದು ಬಂದವಳ ಹಾಗೆ ನಾನು ಚಹಾ ಕಾಯಿಸಲು ಎದ್ದೆ. ಅವ್ವ ಬೇಳೆ ಬಿಟ್ಟು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು.

ಅವತ್ತಿನಿಂದ ನನ್ನ ಅನುಮಾನ ಸೈಟಿನಿಂದ ಅವ್ವನ ಕಡೆ ತಿರುಗಿತು. ಬಾಣಂತಿಗೆ ಅಂಟಿನುಂಡಿ ಕಟ್ಟುವುದು ಬಾಕಿಯಿತ್ತು, ಕೊಬ್ಬರಿ ತುರಿದಿಟ್ಟು ಹಾಗೇ ಬಿಟ್ಟಳು. ಚೀಲ ತೂಗಿ ನೋಡೋಣ, ಕೇಜಿ ಹೆಚ್ಚಾದರೆ ಅದಕ್ಕೂ ಕೀಳುತ್ತಾರೆ ಎಂದರೆ, ಆಮೇಲೆ ನೋಡೋಣ ಎಂದಳು. ಒಂದು ಸಂಜೆ ನೀರು ಕುಡಿಯುತ್ತ, ನನ್ನ ಮುಖ ನೋಡದೆ ಕೇಳಿದಳು.

"ಆ ಟಿಕೇಟ ಹಿಂದಕ ಕೊಟ್ರ ಪೂರಾ ರೊಕ್ಕ ಬರತೈತೇನು?"

ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದಳು. ಹುಡುಕಿ ನೋಡಿದೆ. ವಿಮಾನದವರ ಕಡಿತ ಒಂದು, ಸೈಟಿನವರ ಕಡಿತ ಇನ್ನೊಂದು, ಅನುಕೂಲ ಶುಲ್ಕವಂತೂ ಸತ್ತರೂ ವಾಪಸಿಲ್ಲ. ಕೈಗೆ ಬರುವುದು ಏನೂ ಇಲ್ಲ ಎಂದೆ.

ಅದಾದ ಮೇಲೆ ಡಿಪೋದಲ್ಲಿ ಇನ್ನೊಬ್ಬ ಕಂಡಕ್ಟರ್ ನನ್ನನ್ನು ಕಂಡು, "ಏನ್ರೀ ಅಕ್ಕಾರ, ನಿಮ್ಮವ್ವ ನಿನ್ನೆ ನಮ್ಮ ತುರ್ವಿಹಾಳ ಗಾಡ್ಯಾಗ ಇದ್ರು. ಯಾರಿಗರ ಆರಾಮಿಲ್ಲೇನು?" ಎಂದು ಕೇಳಿದ. ಮನೆಗೆ ಬಂದು, ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದರೆ, "ಎಲ್ಲಿಗಿಲ್ಲ ಬಿಡು, ಮನ್ಯಾಗ ಇದ್ದೆ" ಎಂದಳು. ಮಗನ ವಯಸ್ಸು ಕಡಿಮೆ ಹೇಳುವ ತಾಯಂದಿರ ಮುಖವೇ ಅದು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಅವ್ವನನ್ನು ಹಿಡಿಯುವವರಿಲ್ಲ, ನಿಜ. ಆದರೆ ಕದ್ದು ಯಾಕೆ ಹೋಗಬೇಕು? ಯಾರ ಹತ್ತಿರವೋ ನಿಂಬೆಹಣ್ಣು ಮಂತ್ರಿಸಿಕೊಳ್ಳುತ್ತಿದ್ದಾಳೋ? ಅಳಿಯನ ಮೇಲೆ ಹಳೆಯ ಸಿಟ್ಟೇನಾದರೂ ಇದೆಯೋ? ಅಥವಾ ವಿಮಾನಕ್ಕೆ ಹೆದರಿ, ನನಗೆ ಹೇಳಲಾಗದೆ ಊರೂರು ತಿರುಗುತ್ತಿದ್ದಾಳೋ?

ಅಷ್ಟರಲ್ಲಿ ತಂಗಿಯ ಫೋನು ಬಂತು. ಬಿಕ್ಕುತ್ತಿದ್ದಳು.

"ಅಕ್ಕಾ, ಅವ್ವ ಬರತೀನಂತ ಖಾತ್ರಿ ಹೇಳವಲ್ಲಳು. ನೋಡೂಣು, ನೋಡೂಣು ಅಂತಾಳ. ನನ್ನ ಮ್ಯಾಲೆ ಸಿಟ್ಟ ಅದಾಳೇನು?"

ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಒಂದು ಜೀವ ಹಾಸಿಗೆಯಲ್ಲಿ ಅಲುಗದೆ ಮಲಗಿ ಇನ್ನೊಂದು ಜೀವ ಕಾಯುತ್ತಿದೆ, ಇವಳದೇನು ಇಲ್ಲಿ ನಾಟಕ! ಡ್ಯೂಟಿ ಮುಗಿಸಿ ಹೋಗಿ ಒಂದು ಕೈ ನೋಡೇಬಿಡುತ್ತೇನೆ ಎಂದುಕೊಂಡೆ.

ಡ್ಯೂಟಿ ಮುಗಿಯುವ ತನಕ ಕಾಯಬೇಕಾಗಲಿಲ್ಲ. ಅವತ್ತೇ ಮಧ್ಯಾಹ್ನ ನಮ್ಮ ಬಸ್ಸು ಮಸ್ಕಿ ಸ್ಟ್ಯಾಂಡಿನಲ್ಲಿ ನಿಂತಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಇನ್ನೊಂದು ಬಸ್ಸು ಬಂದು ಪಕ್ಕಕ್ಕೆ ನಿಂತಿತು. ಬಿಸಿಲ ಹೊತ್ತು, ಅರ್ಧಕ್ಕರ್ಧ ಖಾಲಿ. ಆ ಖಾಲಿ ಸೀಟುಗಳ ನಡುವೆ ಒಬ್ಬಳೇ ಒಬ್ಬಳು ನಿಂತಿದ್ದಳು. ಎರಡೂ ಕೈ ಮೇಲೆತ್ತಿ ಸರಳು ಹಿಡಿದಿದ್ದಳು. ಕಣ್ಣು ಮುಚ್ಚಿತ್ತು, ಹಣೆಯಲ್ಲಿ ಬೆವರಿಳಿಯುತ್ತಿತ್ತು. ನಮ್ಮ ಅವ್ವ. ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹೆಂಗಸು ಆಕೆ.

ಹತ್ತಿ ಹೋದೆ. "ಯವ್ವಾ! ಇಷ್ಟು ಸೀಟು ಖಾಲಿ ಬಿದ್ದಾವು, ಯಾಕ ನಿಂತೀ?"

ಕಣ್ಣು ತೆರೆದಳು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಹಾಗೆ ಮುಖ ತಿರುಗಿಸಿದಳು. ಆ ಬಸ್ಸಿನ ಕಂಡಕ್ಟರೇ ಹೇಳಿದ. "ನಾನೂ ಹೇಳಿ ಹೇಳಿ ಸಾಕಾತ್ರಿ. ಸಿಂಧನೂರಿನಿಂದ ನಿಂತಾರ. ಕೂಡ್ರಿ ಅಂದ್ರ ಕೂಡವಲ್ರು."

"ನೋಡಾಕತ್ತಿದ್ದೆ ಬೇ," ಎಂದಳು ಅವ್ವ.

"ಏನ ನೋಡಾಕತ್ತಿದ್ದಿ?"

"ಇಮಾನದಾಗ ಅಷ್ಟೊತ್ತು ನಿಂದ್ರತೀನೋ ಇಲ್ಲೋ ಅಂತ. ಮೊದಲು ತುರ್ವಿಹಾಳ ತನಕ ನಿಂತು ನೋಡಿದೆ. ನಡುವ ಮೊಣಕಾಲು ಕುಸದ್ವು. ಇಮಾನದಾಗ ಹಂಗ ಬಿದ್ರ ಯಾರು ಹಿಡಿತಾರ? ಅದಕ್ಕ ನಿನ್ನ ತಂಗಿಗೆ ಖಾತ್ರಿ ಹೇಳಲಿಲ್ಲ. ಇವತ್ತು ಲಿಂಗಸುಗೂರ ತನಕ ನಿಂತ್ರ ಆತು, ಬರತೀನಂತ ಹೇಳತೀನಿ. ಈಗ ಚಲೋ ಐತಿ. ನಿಂದ್ರತೀನಿ. ನೀ ಸೀಟಿಗೆ ರೊಕ್ಕ ಹಾಕಬ್ಯಾಡ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದೆ, ನಗು ನಿಂತಿತು. ಆಕೆಯ ಕೈಗಳನ್ನು ಸರಳಿನಿಂದ ಬಿಡಿಸಿ, ಕೆಳಗಿಳಿಸಿಕೊಂಡು ಬಂದು ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿದೆ. ಕಾಲು ಬಾತು ಕುಂಬಳಕಾಯಿ ಆಗಿದ್ದವು.

"ಇಮಾನದಾಗ ಯಾರೂ ನಿಂದ್ರಂಗಿಲ್ಲಬೇ. ಟಿಕೇಟ ಇದ್ದಾವರಿಗೆಲ್ಲಾ ಸೀಟು ಇರತೈತಿ."

ಅವ್ವ ನನ್ನನ್ನು ದಿಟ್ಟಿಸಿದಳು. ನಾನು ಕೋಳಿಯ ಚೀಲವನ್ನು ನೋಡುವ ನೋಟ ಅದು, ಅದು ನನಗೆ ಬಂದದ್ದೇ ಆಕೆಯಿಂದ.

"ಹಂಗಾರ ಸೀಟಿಗೆ ರೊಕ್ಕ ಯಾಕ ಕೇಳಿದ್ರು?"

ಯಾವ ಸೀಟು ಬೇಕೆಂದು ಆರಿಸಿಕೊಳ್ಳುವುದಕ್ಕೆ ಎಂದೆ. ಕೂಡುವುದಕ್ಕಲ್ಲ, ಆರಿಸುವುದಕ್ಕೆ ಎಂದೆ. ಹೇಳುತ್ತಿದ್ದ ಹಾಗೆ ನನಗೇ ಅದು ಸುಳ್ಳಿನಂತೆ ಕೇಳಿಸಿತು.

"ಸುಳ್ಳ ಹೇಳಬ್ಯಾಡ. ನಿನ್ನ ಬಸ್ಸಿನ್ಯಾಗ ಅಮಾಸಿ ದಿನ ಟಿಕೇಟ ತಗೊಂಡಾವರು ನಿಂದ್ರತಾರಿಲ್ಲೋ? ಹತ್ತಿಸ್ಕೊಳ್ಳಾಕ ಬೇಕಂತ ನೀನ ಅಂದಿ. ಕುಂದ್ರಸ್ತಾರಂತ ಅಂದೇನು?"

ನಿಲ್ಲುತ್ತಾರೆ. ಒಬ್ಬರ ಕಾಲ ಮೇಲೊಬ್ಬರು ನಿಲ್ಲುತ್ತಾರೆ. ನಾನೇ ಟಿಕೆಟ್ ಕೊಟ್ಟು "ಒಳಗ ನಡೀರಿ, ಒಳಗ ನಡೀರಿ" ಎಂದು ದೂಡುತ್ತೇನೆ. ನಮ್ಮ ಬಸ್ಸಿನ ಡ್ರೈವರ್ ಹಾರನ್ ಹೊಡೆದ. ಒಂದು ನಿಮಿಷ ತಡಿಯಪ್ಪಾ ಎಂದು ಕೂಗಿ ಅಲ್ಲೇ ಫೋನು ತೆರೆದೆ. ಮುಂದಿನ ಸಾಲು, ಕಾಲು ಚಾಚಲು ಜಾಗ ಹೆಚ್ಚಿರುವ ಸೀಟು, ಎಲ್ಲಕ್ಕಿಂತ ದುಬಾರಿ. ಆ ಸೀಟಿನ ದರದ ಮೇಲೆ ಮತ್ತೆ ಅನುಕೂಲ ಶುಲ್ಕ ಹಾಕಿದರು. ಹಾಕಿಕೊಳ್ಳಲಿ. ನಾನು ತುಟಿಪಿಟಕ್ಕೆನ್ನದೆ ಕಟ್ಟಿದೆ. ನಕ್ಷೆಯಲ್ಲಿ ಬಣ್ಣ ಬದಲಾದ ಆ ಚೌಕವನ್ನು ಅವ್ವನಿಗೆ ತೋರಿಸಿದೆ.

"ಇದು ನಂದೇನು?"

"ನಿಂದ."

"ಬ್ಯಾರೆಯವರು ಬಂದು ಕುಂತ್ರ?"

"ಎಬ್ಬಸತಾರ."

ಅಲ್ಲೇ ಬೆಂಚಿನ ಮೇಲೆ ನನ್ನ ಫೋನಿನಿಂದ ತಂಗಿಗೆ ಮಾತಾಡಿ, ಬರುತ್ತೇನೆ ಎಂದಳು. ಆ ಕಡೆಯಿಂದ ಅಳು ನನಗೂ ಕೇಳಿಸಿತು.

ಗುವಾಹಟಿ ಮುಟ್ಟಿದ ಕೂಡಲೇ ಅವ್ವ ಫೋನು ಮಾಡಿಸಿದಳು. ಮಗಳು ಹೇಗಿದ್ದಾಳೆಂದು ಹೇಳುವ ಮೊದಲು ನನಗೆ ಬೈದಳು. ಪಕ್ಕದಲ್ಲಿ ಕೂತ ಹೆಂಗಸನ್ನು ತನ್ನ ಹರಕು ತೆಲುಗಿನಲ್ಲಿ ಮಾತಾಡಿಸಿ, ಆಕೆ ಹೆಚ್ಚು ಕೊಟ್ಟಿಲ್ಲ, ಸೀಟನ್ನು ವಿಮಾನದವರೇ ಕೊಟ್ಟರು ಎಂಬುದನ್ನು ಹೊರಗೆಳೆದಿದ್ದಳಂತೆ. "ನಿನ್ನ ಪೂರಾ ಬೋಳಿಸ್ಯಾರ. ಕಂಡಕ್ಟರ್ ಅಂತ ಕಂಡಕ್ಟರ್!" ಎಂದಳು. ನನಗೆ ಎಂದೂ ಇಲ್ಲದ ನೆಮ್ಮದಿಯಾಯಿತು.

ಹೆರಿಗೆಯ ದಿನ ಅಳಿಯನ ಫೋನು ಬಂದಾಗ ನಾನು ಸಿಂಧನೂರಿನ ಬಸ್ಸಿನಲ್ಲಿ ಜನರ ನಡುವೆ ಸಿಕ್ಕಿಕೊಂಡಿದ್ದೆ. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಹುಷಾರು ಎಂದ. ನಾನು ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಅವ್ವ ಎಲ್ಲಿ, ಊಟ ಮಾಡಿದಳೇ, ಸ್ವಲ್ಪ ಕೂತಳೇ ಎಂದು ಕೇಳಿದೆ.

"ಎಲ್ಲಿ ಕೂಡತಾರ್ರಿ," ಎಂದ. "ಹೊರಗ ಬೆಂಚು ಖಾಲಿನ ಇದ್ವು. ನಾ ಕೈ ಮುಗದೆ, ನರ್ಸ್‌ಗಳು ಕುರ್ಚಿ ತಂದು ಹಾಕಿದ್ರು. ಕೇಳಲಿಲ್ಲ. ಮುಂಜಾನಿಂದ ಹೆರಿಗಿ ಖೋಲಿ ಬಾಗಿಲಾ ಹಿಡಕೊಂಡು ನಿಂತಾವರು, ಕೂಸಿನ ಅಳು ಕೇಳೂತನಕ ನಿಂತ ಇದ್ರು."